‘ಗುಂಪಿಗೆ ಹಾಕಿದ್ದೆನಲ್ಲ!’

ಓದುಗರ ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಯಂತ್ರ ಬಿಡಿಭಾಗಗಳ ಸಣ್ಣ ಘಟಕವಿದೆ. ಕಚೇರಿ, ಸ್ಟೋರ್ಸ್, ಯಂತ್ರದ ಮೇಲಿರುವವರು ಎಲ್ಲ ಸೇರಿ 15 ಜನ ಒಂದೇ ವಾಟ್ಸಾಪ್ ಗುಂಪಿನಲ್ಲಿದ್ದೇವೆ. ಡ್ರಾಯಿಂಗ್, ಲಾರಿ ನಂಬರ್, ರಜೆಯ ವಿಷಯ, ಹುಟ್ಟುಹಬ್ಬದ ಶುಭಾಶಯ ಎಲ್ಲವೂ ಅಲ್ಲೇ. ಮುಖ್ಯವಾದ ಮಾತೇ ತಪ್ಪಿಹೋಗುತ್ತಿದೆ. ಕಚೇರಿಯ ಮಾತುಕತೆಗೆಂದೇ ಇರುವ ಸ್ಲ್ಯಾಕ್‌ನಂತಹ ಆ್ಯಪ್‌ಗೆ ಬದಲಾಯಿಸಿ, ಜ್ಞಾಪನೆಗಳನ್ನು ಸ್ವಯಂಚಾಲಿತ ಮಾಡಿದರೆ ಸರಿಹೋಗುತ್ತದೆಯೇ?

ಉತ್ತರ: ಆ್ಯಪ್ ಬದಲಾಯಿಸುವ ವಿಚಾರವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಈಗಿನ ಗುಂಪಿನಲ್ಲಿ ಸಂದೇಶ ಬರೆಯುವ ರೀತಿಯೇ ಹೊಸ ಆ್ಯಪ್‌ಗೂ ಹೋಗುತ್ತದೆ. ಜ್ಞಾಪನೆಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಾರ್ಖಾನೆಯಲ್ಲಿ ಬೆಳಿಗ್ಗೆ 11ಕ್ಕೆ ಗುಂಪಿನಲ್ಲೊಂದು ಪಿಡಿಎಫ್ ಬಿತ್ತು. ‘ಬುಷ್ ಹೊಸ ಡ್ರಾಯಿಂಗ್, ನೋಡಿ’ ಎಂದಷ್ಟೇ ಬರೆದಿತ್ತು. ಬುಷ್ ಎಂದರೆ ನಡುವೆ ರಂಧ್ರವಿರುವ, ಕೊಳವೆಯಂತಹ ಬಿಡಿಭಾಗ. ಅದರ ಒಳವ್ಯಾಸ 25 ಮಿಲಿಮೀಟರ್ ಇದ್ದದ್ದು 24.5 ಆಗಿತ್ತು. ಅದರ ಕೆಳಗೆ ಒಬ್ಬರ ಹುಟ್ಟುಹಬ್ಬಕ್ಕೆ ಸಾಲು ಸಾಲು ಶುಭಾಶಯಗಳು ಬಂದವು. ಎರಡನೇ ಪಾಳಿಯವರು ಯಂತ್ರದ ಪಕ್ಕ ಅಂಟಿಸಿದ್ದ ಹಳೆಯ ಹಾಳೆ ನೋಡಿಕೊಂಡು 40 ಬುಷ್ ಕೊರೆದರು. ರಂಧ್ರ ಚಿಕ್ಕದಾಗಿದ್ದರೆ ಮತ್ತೆ ಕೊರೆದು ಸರಿಮಾಡಬಹುದು. ದೊಡ್ಡದಾದ ಮೇಲೆ ಗುಜರಿಗೇ. ಮರುದಿನ ವಿಚಾರಿಸಿದಾಗ ಎಲ್ಲರ ಮೊಬೈಲಿನಲ್ಲೂ ಆ ಸಂದೇಶ ತೆರೆದಿತ್ತು. ಕಳುಹಿಸಿದವರದು ಒಂದೇ ಮಾತು: ‘ಗುಂಪಿಗೆ ಹಾಕಿದ್ದೆನಲ್ಲ!’

ಹತ್ತು ಜನರ ನಡುವೆ ಹಾವು ಸಾಯುವುದಿಲ್ಲ ಎಂದು ಹಿರಿಯರು ಹೇಳುವುದು ಇದಕ್ಕೇ. 15 ಜನರಿಗೆ ಹೇಳಿದ ಕೆಲಸವನ್ನು ಯಾರಿಗೂ ಹೇಳಿದಂತಾಗಲಿಲ್ಲ. ಅದೇ ಸಂದೇಶವನ್ನು ಹೀಗೆ ಬರೆಯಬಹುದಿತ್ತು: ‘ಬುಷ್ ಡ್ರಾಯಿಂಗ್ ರಿವಿಷನ್ 3 ಬಂದಿದೆ. ಒಳವ್ಯಾಸ 25 ಅಲ್ಲ, 24.5. ಎರಡನೇ ಪಾಳಿಯ ಸೂಪರ್‌ವೈಸರ್ ಮಧ್ಯಾಹ್ನ 2ರೊಳಗೆ ಯಂತ್ರದ ಬಳಿಯ ಹಳೆಯ ಹಾಳೆ ತೆಗೆದು, ಹೊಸದನ್ನು ಅಂಟಿಸಿ, ಅದರ ಫೋಟೊ ಇಲ್ಲಿ ಹಾಕಬೇಕು.’ ಏನು ಬದಲಾಯಿತು, ಯಾರು ಮಾಡಬೇಕು, ಯಾವಾಗಿನೊಳಗೆ, ಮಾಡಿದ್ದಕ್ಕೆ ಗುರುತೇನು ಎಂಬ ನಾಲ್ಕೂ ಇದರಲ್ಲಿವೆ. ಕೊನೆಯದನ್ನು ಎಂದೂ ಬಿಡಬೇಡಿ. ಹೆಬ್ಬೆರಳಿನ ಚಿತ್ರ ಬಂತೆಂದರೆ ಓದಿದ್ದಾರೆ ಎಂದಷ್ಟೇ ಅರ್ಥ. ಹೊಸ ಹಾಳೆಯ ಫೋಟೊ ಬಂದರೆ ಕೆಲಸ ಆಗಿದೆ ಎಂದು ಅರ್ಥ.

ಇನ್ನು ಗುಂಪಿನ ಗಾತ್ರ. 15 ಜನರಿದ್ದರೆ ಇಬ್ಬಿಬ್ಬರ ನಡುವಿನ ಮಾತಿನ ದಾರಿಗಳೇ 105. 6 ಜನರಾದರೆ 15 ಮಾತ್ರ. ಆದ್ದರಿಂದ ಆರ್ಡರ್ ಮತ್ತು ಡ್ರಾಯಿಂಗಿಗೆ ಒಂದು, ರವಾನೆಗೆ ಒಂದು, ಉಳಿದ ಮಾತುಕತೆಗೆ ಒಂದು ಗುಂಪು ಮಾಡಿಕೊಳ್ಳಿ. ಮೂರೇ ಸಾಕು. ಎಂಟು ಹತ್ತು ಮಾಡಿಕೊಂಡರೆ ಯಾವುದನ್ನು ಎಲ್ಲಿ ಹಾಕಬೇಕೆಂಬ ಗೊಂದಲವೇ ಹೊಸ ಕೆಲಸವಾಗುತ್ತದೆ. ಶುಭಾಶಯದ ಗುಂಪನ್ನು ಮಾತ್ರ ಮುಚ್ಚಬೇಡಿ. ಜೊತೆಗೆ ದುಡಿಯುವವರಿಗೆ ಅದೂ ಬೇಕು.

ಜ್ಞಾಪನೆಗೆ ಮೊದಲು ಒಂದು ದಾಖಲೆ ಬೇಕು. ಸಂದೇಶ ಮೇಲೆ ಸರಿದು ಮರೆಯಾಗುತ್ತದೆ, ಪುಸ್ತಕದಲ್ಲಿ ಬರೆದದ್ದು ಉಳಿಯುತ್ತದೆ. ಒಂದು ಗೂಗಲ್ ಶೀಟ್‌ನಲ್ಲಿ ಆರ್ಡರಿಗೊಂದು ಸಾಲು ಮಾಡಿ, ಯಾರ ಕೈಯಲ್ಲಿದೆ, ಯಾವ ದಿನಕ್ಕೆ ಮುಗಿಯಬೇಕು, ಈಗ ಎಲ್ಲಿಗೆ ಬಂದಿದೆ ಎಂದು ಬರೆಯುತ್ತಾ ಹೋಗಿ. ಒಂದು ತಿಂಗಳು ಇದನ್ನು ಕೈಯಿಂದಲೇ ನಡೆಸಿ. ಎಲ್ಲಿ ಪದೇಪದೇ ಮರೆತುಹೋಗುತ್ತದೆ ಎಂಬುದು ಆಗ ತಾನಾಗಿ ಕಾಣುತ್ತದೆ. ಕೈಯಲ್ಲಿ ಸರಿಯಾಗಿ ನಡೆಯದ ಕ್ರಮವನ್ನು ಯಂತ್ರಕ್ಕೆ ಒಪ್ಪಿಸಿದರೆ ತಪ್ಪು ಇನ್ನಷ್ಟು ವೇಗವಾಗಿ ಆಗುತ್ತದೆ, ಅಷ್ಟೆ.

ನಿಮ್ಮಂತಹ ಘಟಕದಲ್ಲಿ ಸ್ವಯಂಚಾಲಿತ ಮಾಡಲು ನಾನು ಮೊದಲು ಆರಿಸುವುದು ಇ-ವೇ ಬಿಲ್ ಅವಧಿಯನ್ನು. ಜಿಎಸ್‌ಟಿ ನಿಯಮದಂತೆ ಸರಕಿನ ಸಾಗಣೆಗೆ ಆನ್‌ಲೈನ್‌ನಲ್ಲಿ ಮಾಡಿಕೊಳ್ಳುವ ಪತ್ರವಿದು. ಹೊರರಾಜ್ಯಕ್ಕೆ ಹೋಗುವ ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು. ಸಾಮಾನ್ಯ ಸರಕಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ. ಪುಣೆಗೆ ಹೊರಟ ಲಾರಿಗೆ, ದೂರ 840 ಕಿಲೋಮೀಟರ್ ಎಂದಿಟ್ಟುಕೊಂಡರೆ, 5 ದಿನ ಸಿಗುತ್ತದೆ. ಲಾರಿ ದಾರಿಯಲ್ಲಿ ಕೆಟ್ಟು ನಿಂತರೆ ಸಾಗಣೆದಾರರು ಅವಧಿಯನ್ನು ವಿಸ್ತರಿಸಿಕೊಳ್ಳಬಹುದು. ಆದರೆ ಅದಕ್ಕೆ ಅವಕಾಶವಿರುವುದು ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯವರೆಗೆ ಮಾತ್ರ. ಅವಧಿ ಮುಗಿಯುವುದು ಮಧ್ಯರಾತ್ರಿಗೆ. ಎಂದರೆ ಸಂಜೆ 4ರಿಂದ ಮರುದಿನ ಬೆಳಿಗ್ಗೆ 8ರ ತನಕ.

ಈಗ ನೋಡಿ, ಬೆಳಿಗ್ಗೆ 10ಕ್ಕೆ ‘ಇಂದು ಬಿಲ್ ಮುಗಿಯುತ್ತದೆ’ ಎಂದು ಜ್ಞಾಪನೆ ಬಂದರೆ ಏನು ಪ್ರಯೋಜನ? ಆಗ ಏನೂ ಮಾಡಲಾಗುವುದಿಲ್ಲ, ಸಂಜೆಯ ಹೊತ್ತಿಗೆ ಮರೆತಿರುತ್ತದೆ. ಅದು 4 ಗಂಟೆಯ ನಂತರ, ರವಾನೆ ನೋಡಿಕೊಳ್ಳುವ ಒಬ್ಬರಿಗೆ ಮಾತ್ರ, ಲಾರಿ ನಂಬರ್ ಮತ್ತು ಸಾಗಣೆದಾರರ ಫೋನ್ ನಂಬರಿನೊಂದಿಗೆ ಹೋಗಬೇಕು. ಸರಕು ತಲುಪಿದೆ ಎಂದು ಶೀಟ್‌ನಲ್ಲಿ ಗುರುತಾಗಿದ್ದರೆ ಹೋಗಲೇಬಾರದು. ಗೂಗಲ್ ಶೀಟ್‌ನೊಳಗಿನ ಪುಟ್ಟ ಪ್ರೋಗ್ರಾಂ ಬರೆಯುವ ಸೌಲಭ್ಯವಾದ ಆ್ಯಪ್ಸ್ ಸ್ಕ್ರಿಪ್ಟ್‌ನಿಂದ ಇಂತಹ ಇಮೇಲ್ ಕಳುಹಿಸಬಹುದು. 4ರಿಂದ 5 ಎಂದು ಸಮಯ ಕೊಟ್ಟರೆ ಆ ಒಂದು ಗಂಟೆಯೊಳಗೆ ಯಾವಾಗಲಾದರೂ ಅದು ಓಡುತ್ತದೆ. ಈ ಕೆಲಸಕ್ಕೆ ಅಷ್ಟು ಸಾಕು. ವಾಟ್ಸಾಪ್‌ಗೇ ಕಳುಹಿಸುತ್ತೇವೆಂದು ಯಾರಾದರೂ ಅನಧಿಕೃತ ತಂತ್ರಾಂಶ ತಂದುಕೊಟ್ಟರೆ ಒಪ್ಪಬೇಡಿ, ನಿಮ್ಮ ನಂಬರನ್ನೇ ನಿರ್ಬಂಧಿಸಿಬಿಡಬಹುದು.

ಒಂದು ಜ್ಞಾಪನೆ ಚೆನ್ನಾಗಿ ನಡೆದ ಕೂಡಲೇ ಇಪ್ಪತ್ತು ಮಾಡುವ ಉತ್ಸಾಹ ಬರುತ್ತದೆ. ಇಲ್ಲಿಯೇ ಎಚ್ಚರ ಬೇಕು. 1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದಲ್ಲಿ ಅವಘಡವಾದಾಗ, ಆರಂಭದಲ್ಲೇ ನೂರಕ್ಕೂ ಹೆಚ್ಚು ಎಚ್ಚರಿಕೆ ಗಂಟೆಗಳು ಒಟ್ಟಿಗೆ ಮೊಳಗಿದವು. ಮುಖ್ಯವಲ್ಲದವುಗಳನ್ನು ಸುಮ್ಮನಾಗಿಸುವ ವ್ಯವಸ್ಥೆಯೇ ಇರಲಿಲ್ಲ ಎಂದು ತನಿಖಾ ಆಯೋಗ ಬರೆಯಿತು. ಅಷ್ಟು ಗದ್ದಲದಲ್ಲಿ ಯಾವುದನ್ನು ಕೇಳಬೇಕು? ಅಣುಸ್ಥಾವರಕ್ಕೂ ಬುಷ್ ಕೊರೆಯುವ ಘಟಕಕ್ಕೂ ಹೋಲಿಕೆಯಿಲ್ಲ, ನಿಜ. ಆದರೆ ಕೇಳುವ ಕಿವಿ ಎರಡೂ ಕಡೆ ಮನುಷ್ಯರದೇ. ಜ್ಞಾಪನೆ ಬಂದಾಗ ಯಾರೂ ಏನೂ ಮಾಡಬೇಕಾಗಿ ಬರದಿದ್ದರೆ ಅಂಥದ್ದನ್ನು ತಿಂಗಳ ಕೊನೆಯಲ್ಲಿ ತೆಗೆದುಹಾಕಿ.

ಮೌನಕ್ಕೂ ಎರಡು ಅರ್ಥವಿದೆ. ಜ್ಞಾಪನೆ ಬರಲಿಲ್ಲವೆಂದರೆ ಯಾವ ಬಿಲ್ಲೂ ಮುಗಿಯುತ್ತಿಲ್ಲ ಎಂದಾಗಬಹುದು, ಸ್ಕ್ರಿಪ್ಟೇ ನಿಂತುಹೋಗಿದೆ ಎಂದೂ ಆಗಬಹುದು. ಅದಕ್ಕೆ ಸೋಮವಾರಕ್ಕೊಮ್ಮೆ ‘ನಡೆಯುತ್ತಿದೆ, ಈ ವಾರ ಇಷ್ಟು ಬಿಲ್‌ಗಳಿವೆ’ ಎಂಬ ಒಂದು ಸಾಲು ಬರುವಂತೆ ಮಾಡಿ. ಸೋಮವಾರ ಅದು ಬರದಿದ್ದರೆ ಯಾರು ನೋಡಬೇಕು ಎಂಬುದನ್ನೂ ಇಂದೇ ಗೊತ್ತುಮಾಡಿ. ಸ್ಕ್ರಿಪ್ಟ್ ಬರೆದವರು ಕೆಲಸ ಬಿಟ್ಟುಹೋದರೂ ಅದು ಉಳಿಯುವಂತೆ ಕಂಪನಿಯ ಖಾತೆಯಲ್ಲೇ ಇರಲಿ.

ಇಷ್ಟೆಲ್ಲ ಎರಡು ಮೂರು ತಿಂಗಳು ನಡೆದ ಮೇಲೆ ಸ್ಲ್ಯಾಕ್ ವಿಚಾರ ಮಾಡಿ. ವಿಷಯವಾರು ಚಾನೆಲ್, ಒಂದೊಂದು ಸಂದೇಶದ ಕೆಳಗೇ ಅದರ ಚರ್ಚೆ, ಒಳ್ಳೆಯ ಹುಡುಕಾಟ ಅದರಲ್ಲಿವೆ. ಆದರೆ ಉಚಿತ ಯೋಜನೆಯಲ್ಲಿ ಕೊನೆಯ 90 ದಿನಗಳ ಸಂದೇಶಗಳನ್ನು ಮಾತ್ರ ನೋಡಬಹುದು. ವರ್ಷಕ್ಕೊಮ್ಮೆ ಅದೇ ಬುಷ್‌ಗೆ ಆರ್ಡರ್ ಕೊಡುವ ಪಾರ್ಟಿಗಳು ನಿಮಗಿದ್ದರೆ, ಡ್ರಾಯಿಂಗನ್ನು ಆಗಲೂ ಚಾಟ್‌ನಲ್ಲಿ ಹುಡುಕುವಂತಾಗಬಾರದು. ಅದರ ಜಾಗ ನೀವು ಈಗ ತೆರೆಯುವ ಶೀಟ್‌ನ ಆ ಸಾಲಿನಲ್ಲಿ, ರಿವಿಷನ್ ಸಂಖ್ಯೆಯ ಪಕ್ಕದಲ್ಲಿ.