ಗಿಡದ ಅಕ್ವೇರಿಯಂ: ಕೆಳಗೆ ಯಾವ ಮಣ್ಣು, ಮೇಲೆ ಎಂಥ ಮರಳು

ನಾಟಿಗೆ ಹದ ಮಾಡಿದ ಗದ್ದೆಯಲ್ಲಿ ಒಮ್ಮೆಯಾದರೂ ಕಾಲಿಟ್ಟವರಿಗೆ ಈ ಟಿಪ್ಪಣಿಯ ಅರ್ಧ ಆಗಲೇ ಗೊತ್ತಿರುತ್ತದೆ. ಹೆಜ್ಜೆ ಎತ್ತಿದಾಗ ಗುಳುಗುಳು ಎಂದು ಏಳುವ ಗುಳ್ಳೆಗಳು, ಮೂಗಿಗೆ ಬಡಿಯುವ ಕೆಸರಿನ ವಾಸನೆ, ಮೇಲೆ ತೆಳ್ಳಗೆ ಕಂದು ಮಣ್ಣು, ಅದರ ಅಡಿಗೆ ಬೂದು ಬಣ್ಣದ ಮಣ್ಣು. ಬೇರು ಬಿಡುವ ಗಿಡಗಳನ್ನು ಬೆಳೆಸುವ ಅಕ್ವೇರಿಯಂನ ತಳದಲ್ಲಿ ನಡೆಯುವುದೂ ಇದೇ. ಆದರೆ ಗದ್ದೆಗೆ ಹೊಸ ನೀರು ಬರುತ್ತದೆ, ಹಳೆಯ ನೀರು ಹೋಗುತ್ತದೆ. ಗಾಜಿನ ತೊಟ್ಟಿಯಲ್ಲಿ ಅದೇ ನಾಲ್ಕು ಕೊಡ ನೀರಿನಲ್ಲಿ ಮೀನು ಉಸಿರಾಡಬೇಕು. ಆದ್ದರಿಂದ ಕೆಳಗಿನ ಮಣ್ಣಿಗಿಂತಲೂ ಅದರ ಮೇಲೆ ಹಾಸುವ ಪದರದ ಬಗ್ಗೆಯೇ ಹೆಚ್ಚು ಯೋಚಿಸಬೇಕು ಎಂಬುದು ನನ್ನ ಲೆಕ್ಕ.

ನನ್ನ ಮೊದಲ ತೊಟ್ಟಿಯಲ್ಲಿ ನಾನು ಯೋಚಿಸಿದ್ದು ಇದಕ್ಕೆ ತದ್ವಿರುದ್ಧವಾಗಿ. ತಾರಸಿಯ ಕುಂಡಗಳಿಗೆಂದು ತಂದಿದ್ದ ಎರೆಗೊಬ್ಬರ ಅರ್ಧ ಚೀಲ ಉಳಿದಿತ್ತು. ಗೊಬ್ಬರ ಹೆಚ್ಚಾದಷ್ಟೂ ಗಿಡಕ್ಕೆ ಒಳ್ಳೆಯದು ಎಂಬ ಕುಂಡದ ಬುದ್ಧಿಯಲ್ಲಿ ಅದನ್ನೇ ಎರಡು ಅಂಗುಲ ಹಾಸಿ, ಮೇಲೆ ಗಾರೆಗೆ ಜರಡಿ ಹಿಡಿದ ಹಿಟ್ಟಿನಂಥ ಮರಳನ್ನು ಸುರಿದೆ. ನಾಲ್ಕನೆಯ ದಿನಕ್ಕೆ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಎಂಟನೆಯ ದಿನ ಮರಳು ಒಂದು ಮೂಲೆಯಲ್ಲಿ ಪೂರಿಯಂತೆ ಉಬ್ಬಿ ನಿಂತಿತು. ಪೆನ್ಸಿಲಿನಿಂದ ಚುಚ್ಚಿದಾಗ ಹೊಮ್ಮಿದ ವಾಸನೆಗೆ ಮನೆಯವರು ಸಿಲಿಂಡರ್ ಸೋರುತ್ತಿದೆಯೇನೋ ಎಂದು ಅಡುಗೆಮನೆಗೆ ಓಡಿದರು. ಪುಣ್ಯಕ್ಕೆ ಮೀನು ಬಿಟ್ಟಿರಲಿಲ್ಲ.

ಮಣ್ಣಿಗೆ ಕೈ ಹಾಕುವ ಮೊದಲು ಯಾವ ಗಿಡ ಎಂದು ತೀರ್ಮಾನಿಸಿಕೊಳ್ಳಿ. ಅನುಬಿಯಾಸ್, ಜಾವಾ ಫರ್ನ್, ಜಾವಾ ಮಾಸ್ ಇವಕ್ಕೆ ಮಣ್ಣೇ ಬೇಡ. ಕಲ್ಲಿಗೋ ಕಟ್ಟಿಗೆಗೋ ದಾರದಿಂದ ಕಟ್ಟಿದರೆ ಸಾಕು, ನೀರಿನಿಂದಲೇ ಆಹಾರ ಹೀರುತ್ತವೆ. ಅನುಬಿಯಾಸ್‌ನ ಶುಂಠಿಯಂಥ ಅಡ್ಡಕಾಂಡವನ್ನು ಮಣ್ಣಿನಲ್ಲಿ ಹೂತರೆ ಅದು ಕೊಳೆಯುತ್ತದೆ. ವ್ಯಾಲಿಸ್ನೇರಿಯಾ, ಅಮೆಜಾನ್ ಸ್ವೋರ್ಡ್, ಕ್ರಿಪ್ಟೊಕೊರೈನ್ ಇವು ಬೇರಿನಿಂದ ಉಣ್ಣುವ ಜಾತಿ. ಕ್ರಿಪ್ಟೊಕೊರೈನ್ ನಮಗೆ ಪರದೇಶದ್ದೇನೂ ಅಲ್ಲ; ರೆಟ್ರೊಸ್ಪೈರಾಲಿಸ್ ಎಂಬ ಪ್ರಭೇದ ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಕಲ್ಲುಗಳ ನಡುವೆ ಬೇರನ್ನು ಆಳಕ್ಕೆ ಇಳಿಸಿ ಹರಿವಿಗೆ ಜಗ್ಗದೆ ನಿಲ್ಲುತ್ತದೆ. ಇಂಥ ಗಿಡಗಳು ನಿಮ್ಮ ಪಟ್ಟಿಯಲ್ಲಿ ಒಂದೆರಡೇ ಇದ್ದರೆ ತೊಟ್ಟಿಗೆಲ್ಲ ಮಣ್ಣು ಹಾಸುವ ಉಸಾಬರಿ ಬೇಡ. ಬರಿಯ ಮರಳು ಹಾಕಿ, ಗಿಡದ ಬುಡಕ್ಕೆ ಎರಡು ತಿಂಗಳಿಗೊಮ್ಮೆ ಗೊಬ್ಬರದ ಗುಳಿಗೆ ಒತ್ತಿದರೆ ಆಯಿತು.

ಮಣ್ಣು ಬೇಕೇ ಬೇಕು ಎನ್ನುವವರು, ಅದು ಏನು ಮಾಡುತ್ತದೆ ಎಂಬುದನ್ನು ತಿಳಿದಿರಬೇಕು. ಜೇಡಿಯ ಕಣಗಳ ಮೇಲ್ಮೈಯಲ್ಲಿ ಋಣ ವಿದ್ಯುದಂಶ ಇರುತ್ತದೆ. ಅಮೋನಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಇವೆಲ್ಲ ಧನ ಅಯಾನುಗಳು, ಅಂದರೆ ಧನ ವಿದ್ಯುದಂಶ ಹೊತ್ತ ಕಣಗಳು. ಆ ಕಣಗಳಿಗೆ ಅಂಟಿಕೊಂಡು ಕೂರುತ್ತವೆ. ಬೇರು ಒಂದು ಹೈಡ್ರೋಜನ್ ಅಯಾನನ್ನು ಕೊಟ್ಟು ಒಂದು ಪೊಟ್ಯಾಸಿಯಂ ಅಯಾನನ್ನು ಪಡೆಯುತ್ತದೆ, ಸಂತೆಯ ಕೊಡುಕೊಳ್ಳುವಿಕೆಯಂತೆ. ಹೀಗೆ ಎಷ್ಟು ಸರಕು ಹಿಡಿದಿಡಬಲ್ಲದು ಎಂಬುದೇ ಮಣ್ಣಿನ ಧನ ಅಯಾನು ವಿನಿಮಯ ಸಾಮರ್ಥ್ಯ. ಶುದ್ಧ ಮರಳಿನಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ. ಕೆಂಪು ಮಣ್ಣಿನಲ್ಲಿ ಹೆಚ್ಚಾಗಿರುವ ಕೆಯೋಲಿನೈಟ್ ಜೇಡಿಯಲ್ಲಿ 100 ಗ್ರಾಂಗೆ 3ರಿಂದ 15 ಮಿಲಿ ಈಕ್ವಿವಲೆಂಟ್ (ಹಿಡಿದಿಟ್ಟ ವಿದ್ಯುದಂಶದ ಅಳತೆ). ಗದಗ, ವಿಜಯಪುರ ಕಡೆಯ ಎರೆಭೂಮಿಯ ಮಾಂಟ್‌ಮೊರಿಲೊನೈಟ್ ಜೇಡಿಯಲ್ಲಿ 80ರಿಂದ 150.

ಹಾಗಾದರೆ ಎರೆಮಣ್ಣೇ ಒಳ್ಳೆಯದಲ್ಲವೇ? ಲೆಕ್ಕದಲ್ಲಿ ಹೌದು, ತೊಟ್ಟಿಯಲ್ಲಿ ಅಲ್ಲ. ಅದರ ಕಣಗಳು ಅತಿ ಸಣ್ಣವು. ಒಮ್ಮೆ ಕದಡಿದರೆ ದಿನಗಟ್ಟಲೆ ನೀರು ತಿಳಿಯಾಗುವುದಿಲ್ಲ, ಒತ್ತಾಗಿ ಕೂತರೆ ಬೇರಿಗೂ ಉಸಿರು ಕಟ್ಟುತ್ತದೆ. ಜೊತೆಗೆ ಸುಣ್ಣದ ಹರಳುಗಳಿದ್ದು ನೀರಿನ ಗಡಸುತನ ಏರುತ್ತದೆ. ಕೆಮ್ಮಣ್ಣಿಗೆ ಒಂದು ಹಿಡಿ ಬೆರೆಸಿದರೆ ಗುಣವಿದೆ, ಅದಕ್ಕಿಂತ ಹೆಚ್ಚು ಬೇಡ.

ಕೆಮ್ಮಣ್ಣಿನ ನಿಜವಾದ ಬಂಡವಾಳ ಕಬ್ಬಿಣ. ಗಾಳಿಯಾಡುವ ಕಡೆ ಅದು ಫೆರಿಕ್ ರೂಪದಲ್ಲಿ, ಅಂದರೆ ನೀರಿನಲ್ಲಿ ಕರಗದ ತುಕ್ಕಾಗಿ ಇರುತ್ತದೆ. ಮಣ್ಣು ಮುಳುಗಿ ಆಮ್ಲಜನಕ ಮುಗಿದಾಗ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೇಟನ್ನು, ಬಳಿಕ ಮ್ಯಾಂಗನೀಸನ್ನು, ಆಮೇಲೆ ಕಬ್ಬಿಣವನ್ನು ಉಸಿರಾಟಕ್ಕೆ ಬಳಸಿಕೊಳ್ಳುತ್ತವೆ. ಆಗ ಫೆರಿಕ್ ಕಬ್ಬಿಣ ಕರಗಬಲ್ಲ ಫೆರಸ್ ಆಗುತ್ತದೆ, ಅದಕ್ಕೆ ಅಂಟಿದ್ದ ರಂಜಕವೂ ಬಿಡುಗಡೆಯಾಗುತ್ತದೆ. ಎರಡೂ ಬೇರಿಗೆ ಸಿಗುತ್ತವೆ. ಕಬ್ಬಿಣದ ಸರದಿಯೂ ಮುಗಿದರೆ ಸಲ್ಫೇಟ್‌ನದು. ನನ್ನ ಮನೆಯವರನ್ನು ಅಡುಗೆಮನೆಗೆ ಓಡಿಸಿದ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುವುದು ಆ ಹಂತದಲ್ಲಿ. ಅಂದರೆ ತಳದಲ್ಲಿ ಆಮ್ಲಜನಕ ಕಡಿಮೆ ಇರಬೇಕು, ಆದರೆ ಪೂರ್ತಿ ಕೆಡುವಷ್ಟು ಕಡಿಮೆ ಆಗಬಾರದು. ಎರೆಗೊಬ್ಬರ ಹೆಚ್ಚಿದ್ದಷ್ಟೂ ಬ್ಯಾಕ್ಟೀರಿಯಾಗಳು ಈ ಮೆಟ್ಟಿಲುಗಳನ್ನು ಓಡಿಕೊಂಡು ಇಳಿಯುತ್ತವೆ. ಕಬ್ಬಿಣ ಧಾರಾಳವಾಗಿದ್ದರೆ ಅದು ಸಲ್ಫೈಡನ್ನು ಹಿಡಿದು ಕಪ್ಪು ಕಬ್ಬಿಣದ ಸಲ್ಫೈಡ್ ಆಗಿ ಕೂರಿಸಿಬಿಡುತ್ತದೆ. ಆದ್ದರಿಂದ ಗಾಜಿನಾಚೆ ಮಣ್ಣು ಅಲ್ಲಲ್ಲಿ ಕಪ್ಪಾಗಿ ಕಂಡರೆ ಗಾಬರಿ ಬೇಡ.

ಇಲ್ಲಿ ಒಂದು ಪಕ್ಕದ ಮಾತು. 1980ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂ ಹವ್ಯಾಸಿಗಳು ಕಬ್ಬಿಣಕ್ಕಾಗಿ ಮರಳಿನ ಅಡಿಗೆ ಲ್ಯಾಟರೈಟ್ ಬೆರೆಸುವುದನ್ನು ರೂಢಿಗೆ ತಂದರು. ಲ್ಯಾಟರೈಟ್ ಎಂಬ ಹೆಸರು ಹುಟ್ಟಿದ್ದು ನಮ್ಮ ಪಕ್ಕದಲ್ಲೇ: ಮದರಾಸಿನಿಂದ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ಮಲಬಾರಿನಲ್ಲಿ ಜನ ನೆಲದಿಂದಲೇ ಇಟ್ಟಿಗೆಯಂತೆ ಕಡಿದು ತೆಗೆಯುತ್ತಿದ್ದ ಕೆಂಪು ಕಲ್ಲಿಗೆ 1807ರ ತನ್ನ ಪ್ರವಾಸ ಕಥನದಲ್ಲಿ ಆ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಲೇಟರ್ ಎಂದರೆ ಇಟ್ಟಿಗೆ. ಅದೇ ಕಲ್ಲಿಗೆ ನಾವು ಹೇಳುವ ಜಂಬಿಟ್ಟಿಗೆ ಎಂಬ ಹೆಸರಿನ ಬಾಲದಲ್ಲೂ ಇಟ್ಟಿಗೆಯೇ ಇದೆ. ಕರಾವಳಿ, ಮಲೆನಾಡಿನ ಓದುಗರು ದುಬಾರಿ ಪೊಟ್ಟಣ ಕೊಳ್ಳುವ ಬದಲು ಜಂಬಿಟ್ಟಿಗೆ ಪುಡಿಯನ್ನು ಜರಡಿ ಹಿಡಿದು ಒಂದು ಬೊಗಸೆ ಬೆರೆಸಬಹುದು. ಅದರಲ್ಲಿ ಕಬ್ಬಿಣ ಬಿಟ್ಟು ಹೆಚ್ಚೇನೂ ಇಲ್ಲ ಎಂಬುದು ನೆನಪಿರಲಿ.

ನಿಮ್ಮ ಮಣ್ಣು ಎಂಥದು ಎಂದು ನೋಡಲು ಒಂದು ಲೀಟರ್ ಬಾಟಲಿ ಸಾಕು. ಕಾಲು ಭಾಗ ಮಣ್ಣು, ಮುಕ್ಕಾಲು ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಕಿಟಕಿಯಲ್ಲಿಡಿ. ಒಂದು ನಿಮಿಷದಲ್ಲಿ ತಳ ಸೇರುವುದು ಮರಳು. ಸ್ಕೆಚ್ ಪೆನ್ನಿನಿಂದ ಅಲ್ಲೊಂದು ಗೆರೆ ಎಳೆಯಿರಿ. ಎರಡು ತಾಸಿನಲ್ಲಿ ಅದರ ಮೇಲೆ ಕೂರುವುದು ಗೋಡು, ಇನ್ನೊಂದು ಗೆರೆ. ಮಾರನೆಯ ದಿನಕ್ಕೂ ಕೆಂಪಗೆ ತೇಲುತ್ತಾ ನಿಧಾನವಾಗಿ ಇಳಿಯುವುದು ಜೇಡಿ. ಮೇಲೆ ತೇಲುವ ಕಪ್ಪು ಚೂರುಗಳು ಅರೆಕೊಳೆತ ಎಲೆ, ನಾರು, ಕಡ್ಡಿ. ನಾನು ತುಮಕೂರು ರಸ್ತೆಯ ಒಂದು ಹೊಲದಿಂದ ತಂದ ಮಣ್ಣಿನಲ್ಲಿ ಒಟ್ಟು 10 ಸೆಂಟಿಮೀಟರ್‌ಗೆ ಮರಳು 6, ಗೋಡು 2, ಜೇಡಿ 2 ಬಂತು. ನಮಗೆ ಬೇಕಾದ್ದು ಸುಮಾರಾಗಿ ಇಂಥದ್ದೇ. ಕೆರೆಗೋಡು ಬಹಳ ಫಲವತ್ತಾದದ್ದು ಎಂಬುದು ರೈತರಿಗೆಲ್ಲ ಗೊತ್ತು. ಆದರೆ ನಗರದ ಚರಂಡಿ ಸೇರುವ ಕೆರೆಗಳ ಗೋಡನ್ನು ಮುಟ್ಟಲೇಬೇಡಿ.

ತಂದ ಮಣ್ಣನ್ನು ನೇರವಾಗಿ ತೊಟ್ಟಿಗೆ ಹಾಕಬಾರದು. ಜರಡಿ ಹಿಡಿದು ಬಾಂಡಲಿಯಲ್ಲಿ ನೆನೆಸಿ, ತೇಲಿದ್ದನ್ನು ಚೆಲ್ಲಿ, ಟಾರ್ಪಾಲಿನ ಮೇಲೆ ತೆಳುವಾಗಿ ಹರಡಿ ಪೂರ್ತಿ ಒಣಗಿಸಿ. ಹೀಗೆ ನಾಲ್ಕು ಸಲ. ಪ್ರತಿ ಸಲ ನೆನೆದು ಒಣಗುವಾಗ ಕೊಳೆಯಬೇಕಾದದ್ದು ಹೊರಗೇ ಕೊಳೆಯುತ್ತದೆ, ಹೆಚ್ಚುವರಿ ಲವಣ ತೊಳೆದು ಹೋಗುತ್ತದೆ. ಬೇಸಿಗೆಯಲ್ಲಿ ಎರಡು ವಾರದ ಕೆಲಸ. ಮಳೆಗಾಲದಲ್ಲಿ ಈ ಸಾಹಸ ಬೇಡ. ಆಮೇಲೆ ಹತ್ತು ಪಾಲು ಮಣ್ಣಿಗೆ ಒಂದು ಪಾಲು ಹಳೆಯ ಎರೆಗೊಬ್ಬರ. ಆ ಒಂದು ಪಾಲನ್ನು ಎರಡು ಮಾಡಬೇಕೆಂಬ ಆಸೆ ಖಂಡಿತ ಬರುತ್ತದೆ. ನನ್ನ ಪೂರಿಯನ್ನು ನೆನಪಿಸಿಕೊಳ್ಳಿ.

ಇನ್ನು ಮೇಲ್ಪದರ. ಇದಕ್ಕೆ ಮೂರು ಕೆಲಸ: ಮಣ್ಣು ನೀರಿಗೆ ಏಳದಂತೆ ತಡೆಯುವುದು, ಅಮೋನಿಯ ಮತ್ತು ರಂಜಕ ಒಮ್ಮೆಲೇ ನೀರಿಗೆ ಸೇರದಂತೆ ನಿಧಾನಗೊಳಿಸುವುದು, ಆದರೂ ಗುಳ್ಳೆಗಳಿಗೆ ದಾರಿ ಬಿಡುವುದು. ಮೊದಲಿನ ಎರಡಕ್ಕೆ ಕಣ ಸಣ್ಣದಿರಬೇಕು, ಮೂರನೆಯದಕ್ಕೆ ದಪ್ಪವಿರಬೇಕು. ಎಳೆದಾಟ ಇತ್ಯರ್ಥವಾಗುವುದು 1ರಿಂದ 2 ಮಿಲಿಮೀಟರ್‌ನಲ್ಲಿ, ಅಂದರೆ ಸಾಸಿವೆ ಕಾಳಿನ ಗಾತ್ರದಲ್ಲಿ. ಅರ್ಧ ಮಿಲಿಮೀಟರ್‌ಗಿಂತ ಸಣ್ಣ ಮರಳು ಒತ್ತಾಗಿ ಮುಚ್ಚಳವಾಗುತ್ತದೆ. ಕಡಲೆಯ ಗಾತ್ರದ ಜಲ್ಲಿ ಹಾಕಿದರೆ ಮೀನಿನ ಹಿಕ್ಕೆ, ಉಳಿದ ಆಹಾರ ಸಂದುಗಳಲ್ಲಿ ಇಳಿದು ಕೊಳೆಯುತ್ತದೆ, ಕೆಳಗಿನ ಮಣ್ಣು ಮೇಲಕ್ಕೆ ಇಣುಕುತ್ತದೆ. ಅಂಗಡಿಯಲ್ಲಿ ಅಕ್ವಾ ಸಾಯಿಲ್ ಎಂದು ಸಿಗುವ, ಹುರಿದ ಮಣ್ಣಿನ ಗುಳಿಗೆಗಳನ್ನು ಕೆಳಗೆ ಹಾಕಿ ಮೇಲೆ ನುಣುಪು ಮರಳು ಹಾಸುವವರೂ ಇದ್ದಾರೆ. ಅಕ್ಕಿ ಮತ್ತು ರವೆಯನ್ನು ಒಂದೇ ಡಬ್ಬಕ್ಕೆ ಹಾಕಿ ಅಲ್ಲಾಡಿಸಿದರೆ ಏನಾಗುತ್ತದೆ? ರವೆ ಕೆಳಗೆ ಇಳಿದು ಅಕ್ಕಿ ಮೇಲೆ ಬರುತ್ತದೆ. ಆರು ತಿಂಗಳಲ್ಲಿ ಅಲ್ಲಿಯೂ ಅದೇ. ಅಕ್ವಾ ಸಾಯಿಲ್‌ಗೆ ಮೇಲ್ಪದರವೇ ಬೇಕಿಲ್ಲ. ಅದು ತಾನೇ ಎರಡೂ. ಜೇಬಿಗೆ ಭಾರ ಎನ್ನುವುದು ಬೇರೆ ಮಾತು.

ಸಿಗುವ ಮರಳು ಯಾವುದು? ನದಿ ಮರಳು ಸಿಗುವುದು ಕಷ್ಟ, ಸಿಕ್ಕರೂ ಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಎಂ-ಸ್ಯಾಂಡ್ ಗ್ರಾನೈಟ್ ಒಡೆದು ಮಾಡಿದ್ದು. ಗಿಡಕ್ಕೆ ತೊಂದರೆಯಿಲ್ಲ, ಆದರೆ ಕಲ್ಲಿನ ಹುಡಿ ಹೋಗಲು ಹತ್ತು ಬಕೆಟ್ ನೀರಿನಲ್ಲಿ ತೊಳೆಯಬೇಕು. ಅದರ ಚೂಪು ಅಂಚುಗಳು ತಳವನ್ನು ಮೂಸುತ್ತಾ ತಿರುಗುವ ಕೋರಿಡೋರಸ್ ಮೀನಿನ ಮೀಸೆಗೆ ಒಳ್ಳೆಯದಲ್ಲ. ನನಗೆ ಒಗ್ಗಿದ್ದು ನೀರು ಶುದ್ಧೀಕರಣದ ಫಿಲ್ಟರ್‌ಗಳಿಗೆ ತುಂಬುವ ಸ್ಫಟಿಕ ಮರಳು. ಗಾತ್ರ ನೋಡಿ ವಿಂಗಡಿಸಿರುತ್ತಾರೆ, ಸುಣ್ಣ ಇರುವುದಿಲ್ಲ. ಯಾವುದೇ ಆಗಲಿ, ಒಂದು ಚಮಚೆ ಒಣ ಮರಳಿನ ಮೇಲೆ ವಿನೆಗರ್ ಹನಿಸಿ ಕಿವಿಯ ಹತ್ತಿರ ಹಿಡಿಯಿರಿ. ಸುಸ್ ಎಂದರೆ, ನೊರೆ ಬಂದರೆ, ಚಿಪ್ಪು ಅಥವಾ ಸುಣ್ಣದ ಕಲ್ಲು ಬೆರೆತಿದೆ ಎಂದರ್ಥ. ಬೋರ್‌ವೆಲ್ ನೀರಿನ ಗಡಸುತನದ ಮೇಲೆ ಇನ್ನಷ್ಟು ಗಡಸುತನ ಯಾರಿಗೂ ಬೇಡ. ಬಿಳಿ ಅಮೃತಶಿಲೆಯ ಚೂರುಗಳು ನೋಡಲು ಚೆಂದ. ಅವೂ ಈ ಪರೀಕ್ಷೆಯಲ್ಲಿ ಫೇಲು.

ಅಳತೆಗೆ ಬರೋಣ. 60 ಸೆಂಟಿಮೀಟರ್ ಉದ್ದ, 30 ಅಗಲದ ತೊಟ್ಟಿಯ ತಳ 1,800 ಚದರ ಸೆಂಟಿಮೀಟರ್. ಎರಡೂವರೆ ಸೆಂಟಿಮೀಟರ್ ಮಣ್ಣಿಗೆ 4.5 ಲೀಟರ್, ನಾಲ್ಕು ಸೆಂಟಿಮೀಟರ್ ಮರಳಿಗೆ 7.2 ಲೀಟರ್, ತೂಕದಲ್ಲಿ ಸುಮಾರು ಹನ್ನೊಂದೂವರೆ ಕಿಲೋ. ಮರಳನ್ನು ಎರಡು ಕಿಲೋ ಹೆಚ್ಚೇ ತನ್ನಿ, ಏಕೆಂದರೆ ಮಣ್ಣನ್ನು ಗಾಜಿನವರೆಗೆ ಹಾಸಬಾರದು. ಸುತ್ತ ಎರಡು ಬೆರಳಿನಷ್ಟು ಜಾಗ ಬಿಟ್ಟು ಅಲ್ಲಿ ಮರಳನ್ನೇ ತುಂಬಬೇಕು. ಗಾಜಿಗೆ ತಾಗಿದ ಮಣ್ಣಿಗೆ ಬೆಳಕು ಬಿದ್ದರೆ ಅಲ್ಲಿ ಹಸಿರು ಪಾಚಿಯ ಪಟ್ಟಿ ಬೆಳೆಯುತ್ತದೆ, ಅದನ್ನು ತೆಗೆಯುವ ಉಪಾಯವಿಲ್ಲ.

ಮಣ್ಣನ್ನು ಒಣದಾಗಿ ಹಾಕಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಚಪಾತಿ ಹಿಟ್ಟಿಗಿಂತ ತುಸು ಸಡಿಲವಾಗಿ ಕಲಸಿ ಕೈಯಿಂದ ತಟ್ಟಿ ಹಾಸಿ. ಮರಳು ಹಾಕಿದ ಮೇಲೆ ಒಂದು ತಟ್ಟೆ ಬೋರಲಾಗಿಟ್ಟು, ಅದರ ಮೇಲೆ ತೆಳ್ಳಗೆ ನೀರು ಬಿಡಿ. ಗಿಡಗಳನ್ನು ಮೊದಲ ದಿನವೇ ಒತ್ತೊತ್ತಾಗಿ ನೆಡಿ, ಇಲ್ಲದಿದ್ದರೆ ಸೋರುವ ಅಮೋನಿಯವನ್ನು ಪಾಚಿ ಉಣ್ಣುತ್ತದೆ. ಮೀನಿಗೆ ನಾಲ್ಕು ವಾರ ಕಾಯಿರಿ, ಟೆಸ್ಟ್ ಕಿಟ್‌ನಲ್ಲಿ ಮೀನಿಗೆ ವಿಷವಾದ ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು. ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಇಲ್ಲಿ ಬಹಳ ಮುಖ್ಯ: 25 ಡಿಗ್ರಿಯಲ್ಲಿ, ಪಿಎಚ್ 7 ಇದ್ದರೆ ಒಟ್ಟು ಅಮೋನಿಯದಲ್ಲಿ ವಿಷಕಾರಿ ರೂಪದ ಪಾಲು ಶೇ. 0.6ರಷ್ಟು ಮಾತ್ರ, ಪಿಎಚ್ 8 ಆದರೆ ಶೇ. 5ಕ್ಕೆ ಏರುತ್ತದೆ. ಬೋರ್‌ವೆಲ್ ನೀರಿನವರು ಈ ಸಾಲನ್ನು ಇನ್ನೊಮ್ಮೆ ಓದಿ. ಮರಳಿನಡಿ ಗುಳ್ಳೆಗಳು ಸಿಕ್ಕಿಕೊಂಡಲ್ಲಿ ವಾರಕ್ಕೊಮ್ಮೆ ಊದುಬತ್ತಿ ಕಡ್ಡಿಯಿಂದ ಮೆಲ್ಲಗೆ ಚುಚ್ಚಿದರೆ ಸಾಕು. ಶಂಕುವಿನಾಕಾರದ ಮಲೇಶಿಯನ್ ಟ್ರಂಪೆಟ್ ಬಸವನಹುಳು ಇದ್ದರೆ ಆ ಉಳುಮೆಯನ್ನೂ ಅದೇ ಮಾಡುತ್ತದೆ.

ಬೇರು ಬಿಟ್ಟ ಗಿಡವನ್ನು ಕೀಳಬಾರದು. ಕತ್ತರಿಯನ್ನು ಮರಳಿಗೆ ಇಳಿಸಿ ಸುತ್ತಲಿನ ಬೇರು ಕತ್ತರಿಸಿ ಎತ್ತಬೇಕು. ಇದನ್ನು ಬರೆಯುತ್ತಿರುವ ನಾನೇ ಐದನೆಯ ತಿಂಗಳಲ್ಲಿ ಆತುರಕ್ಕೆ ಬಿದ್ದು ಒಂದು ಕ್ರಿಪ್ಟೊಕೊರೈನನ್ನು ಎಳೆದೆ. ಮುಷ್ಟಿ ಗಾತ್ರದ ಮಣ್ಣು ಮೇಲೆದ್ದು ಮೂರು ದಿನ ನೀರು ಕದಡಿತ್ತು. ಕೈಯಲ್ಲಿದ್ದ ಬೇರನ್ನು ನಲ್ಲಿಯ ಕೆಳಗೆ ಹಿಡಿದೆ. ಬೂದು ಕೆಸರೆಲ್ಲ ತೊಳೆದು ಹೋದ ಮೇಲೂ ಪ್ರತಿ ಎಳೆಯ ಸುತ್ತ ತುಕ್ಕಿನ ಬಣ್ಣದ ತೆಳು ಲೇಪ ಉಳಿದಿತ್ತು. ಗದ್ದೆಯಿಂದ ಕಿತ್ತ ಭತ್ತದ ಬೇರಿನ ಮೇಲೆ ಇರುತ್ತದಲ್ಲ, ಅದೇ: ಎಲೆಯಿಂದ ಇಳಿದ ಆಮ್ಲಜನಕವನ್ನು ಬೇರು ಹೊರಬಿಟ್ಟಾಗ ಕರಗಿದ್ದ ಕಬ್ಬಿಣ ಅಲ್ಲೇ ಮತ್ತೆ ತುಕ್ಕಾಗಿ ಕೂತದ್ದು.