ಟರ್ಕಿ ಕೋಳಿಯ ಎದೆಮಾಂಸ ಒಣಗದ ಹಾಗೆ ಬೇಯಿಸುವುದು ಹೇಗೆ?

ಪ್ರಶ್ನೆ: ನಾವಿರುವುದು ಅಮೆರಿಕದಲ್ಲಿ. ಈ ಸಲ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಹತ್ತು ಜನ ಬರುತ್ತಾರೆ. ಹೋದ ವರ್ಷ ಟರ್ಕಿಯ ಎದೆಭಾಗ ಹತ್ತಿ ಅಗಿದ ಹಾಗಿತ್ತು, ತೊಡೆ ಮಾತ್ರ ಮೂಳೆ ಹತ್ತಿರ ಅರೆಬೆಂದಿತ್ತು. ಇಡಿಯಾಗಿ ಅವನ್‌ನಲ್ಲಿ ಇಡಬೇಕೇ, ಎಣ್ಣೆಯಲ್ಲಿ ಕರಿಯಬೇಕೇ?

ಉತ್ತರ: ಒಂದೇ ಹಕ್ಕಿಯಲ್ಲಿ ಎರಡು ಬಗೆಯ ಮಾಂಸ ಇರುವುದೇ ಈ ತೊಂದರೆಗೆ ಮೂಲ. ಎದೆಯಲ್ಲಿ ನೆಣ ಕಡಿಮೆ. 165 ಡಿಗ್ರಿ ಫ್ಯಾರನ್‌ಹೀಟ್ ದಾಟಿದಷ್ಟೂ ನೀರು ಬಿಟ್ಟು ನಾರಾಗುತ್ತದೆ. ತೊಡೆ, ಕಾಲಿನ ಮಾಂಸ ಗಟ್ಟಿ. 175-180ರವರೆಗೆ ಹೋದರೇ ಮೆತ್ತಗಾಗುವುದು. ಕಾಲು ಕಟ್ಟಿ ಇಡಿಯಾಗಿ ಇಟ್ಟರೆ ಮೇಲೆದ್ದ ಎದೆಗೆ ಬಿಸಿ ಮೊದಲು ತಾಗುತ್ತದೆ, ಮೈಗೆ ಒತ್ತಿಕೊಂಡ ತೊಡೆಸಂದಿಗೆ ಕೊನೆಗೆ.

ಅದಕ್ಕೇ ನಾವು ಮೊದಲು ಹೇಳುವುದು ಬೆನ್ನುಮೂಳೆ ತೆಗೆದು ಚಪ್ಪಟೆ ಮಾಡಿ ಸುಡುವ ವಿಧಾನ. ತಲೆಗೆ ಒಂದೂಕಾಲು ಪೌಂಡಿನಂತೆ ಹತ್ತು ಜನಕ್ಕೆ 12-13 ಪೌಂಡಿನ ಟರ್ಕಿ ಸಾಕು. ಎದೆ ಕೆಳಗಾಗಿ ಮಲಗಿಸಿ, ಗಟ್ಟಿ ಕಿಚನ್ ಕತ್ತರಿಯಿಂದ ಬಾಲದ ಕಡೆಯಿಂದ ಕತ್ತಿನವರೆಗೆ ಬೆನ್ನುಮೂಳೆಯ ಎರಡೂ ಪಕ್ಕ ಕತ್ತರಿಸಿ. ತೊಡೆಯ ಕೀಲಿನ ಹತ್ತಿರ ಕತ್ತರಿ ಓಡುವುದಿಲ್ಲ. ಅಲ್ಲಿ ಒತ್ತಾಯ ಮಾಡದೆ ಬೆನ್ನುಮೂಳೆಯ ಕಡೆಗೆ ಸ್ವಲ್ಪ ಸರಿಸಿ. ಆಮೇಲೆ ಮಗುಚಿ, ಎರಡೂ ಅಂಗೈ ಎದೆಯ ನಡುವೆ ಇಟ್ಟು ಮೈಭಾರ ಬಿಡಿ. ಎದೆಮೂಳೆ ಲಟಕ್ಕೆಂದರೆ ಹಕ್ಕಿ ಚಪ್ಪಟೆಯಾಗಿ ಕಾಲುಗಳು ಹೊರಚಾಚುತ್ತವೆ, ತೊಡೆಗೂ ನೇರ ಬಿಸಿ ಸಿಗುತ್ತದೆ. ಅಂಚಿರುವ ಟ್ರೇಯಲ್ಲಿ ಈರುಳ್ಳಿ, ಕ್ಯಾರೆಟ್ ಹರಡಿ ಒಂದು ಲೋಟ ನೀರು ಹಾಕಿ. ನೀರಿಲ್ಲದಿದ್ದರೆ ಇಳಿದ ಕೊಬ್ಬು ಸೀದು ಮನೆ ತುಂಬ ಹೊಗೆ. ಮೇಲೆ ತಂತಿಜಾಲರಿ ಇಟ್ಟು, ಅದರ ಮೇಲೆ ಹಕ್ಕಿ. 425 ಡಿಗ್ರಿಯಲ್ಲಿ 12 ಪೌಂಡಿನದು ಸುಮಾರು 80-90 ನಿಮಿಷ. ತೆಗೆದ ಬೆನ್ನುಮೂಳೆ, ಕತ್ತು ಕುದಿಸಿದರೆ ಗ್ರೇವಿಗೆ ಒಳ್ಳೆಯ ಸಾರ.

ಉಪ್ಪು ಹಿಂದಿನ ದಿನವೇ ಬೀಳಬೇಕು. 12 ಪೌಂಡಿಗೆ ಪುಡಿ ಉಪ್ಪು 4-5 ಟೀ ಚಮಚ, ಚರ್ಮದ ಕೆಳಗೂ ಕೈ ತೂರಿಸಿ ಸವರಿ, ಮುಚ್ಚದೆ ಫ್ರಿಜ್‌ನಲ್ಲಿಡಿ. ಮೊದಲು ನೀರೊಸರುತ್ತದೆ, ಉಪ್ಪು ಅದರಲ್ಲಿ ಕರಗಿ ಮತ್ತೆ ಒಳಗಿಳಿಯುತ್ತದೆ. ಹಾಗೆ ಉಪ್ಪು ಹಿಡಿದ ಮಾಂಸ ಬೇಯುವಾಗ ನೀರನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಚರ್ಮವೂ ಒಣಗಿ ಗರಿಗರಿಯಾಗುತ್ತದೆ. ಆದರೆ ಚೀಟಿ ಓದಿ: ಉಪ್ಪುನೀರು ತುಂಬಿಸಿದ್ದು ಎಂದಿದ್ದರೆ ಮತ್ತೆ ಉಪ್ಪು ಬೇಡ.

ಮೂಳೆ ಹತ್ತಿರ ಹಸಿ ಉಳಿಯುವುದಕ್ಕೆ ಇನ್ನೊಂದು ಕಾರಣ ಪೂರ್ತಿ ಕರಗದ ಹಿಮ. ಫ್ರಿಜ್‌ನಲ್ಲಿ ಪ್ರತಿ 4-5 ಪೌಂಡಿಗೆ ಒಂದು ದಿನ ಬೇಕು. ಹಬ್ಬ ನವೆಂಬರಿನ ನಾಲ್ಕನೇ ಗುರುವಾರ. ಶನಿವಾರವೇ ಫ್ರೀಜರ್‌ನಿಂದ ಕೆಳಗಿಳಿಸಿ. ತಡವಾಯಿತೇ? ಪ್ಲಾಸ್ಟಿಕ್ ಬಿಚ್ಚದೆ ತಣ್ಣೀರಲ್ಲಿ ಮುಳುಗಿಸಿ, ಪೌಂಡಿಗೆ ಅರ್ಧ ಗಂಟೆಯಂತೆ 12 ಪೌಂಡಿಗೆ ಆರು ಗಂಟೆ. ಅರ್ಧ ಗಂಟೆಗೊಮ್ಮೆ ನೀರು ಬದಲಿಸಬೇಕು, ಕರಗಿದ ಕೂಡಲೇ ಬೇಯಿಸಬೇಕು. ಹೊಟ್ಟೆಯೊಳಗೆ ಮತ್ತು ಕತ್ತಿನ ಬಳಿ ಲಿವರ್, ಕತ್ತಿನ ಪೊಟ್ಟಣ ಇರುತ್ತದೆ, ಮರೆಯದೆ ತೆಗೆಯಿರಿ. ನಲ್ಲಿಯಡಿ ತೊಳೆಯಬೇಡಿ, ಹಸಿಮಾಂಸದ ನೀರು ಸಿಂಕಿನ ಸುತ್ತೆಲ್ಲ ಸಿಡಿಯುತ್ತದೆ.

ಬೆಂದಿದೆಯೇ ಎಂದು ಹೇಳುವುದು ಥರ್ಮಾಮೀಟರ್ ಒಂದೇ. ಮಾಂಸದೊಳಗೆ ಚುಚ್ಚಿಟ್ಟು ಬರುವ ಪ್ಲಾಸ್ಟಿಕ್ ಗುಂಡಿಯನ್ನಾಗಲಿ, ಬಣ್ಣವನ್ನಾಗಲಿ ನಂಬಬೇಡಿ. ಪೂರ್ತಿ ಬೆಂದ ತೊಡೆಯೂ ಮೂಳೆ ಬಳಿ ಗುಲಾಬಿಯಾಗಿರಬಹುದು. ಎದೆಯ ದಪ್ಪ ಜಾಗದಲ್ಲಿ, ತೊಡೆಯ ಒಳಭಾಗದಲ್ಲಿ, ಮೂಳೆಗೆ ತಾಗದಂತೆ ಚುಚ್ಚಿ ನೋಡಿ. ಅಮೆರಿಕದ ಕೃಷಿ ಇಲಾಖೆ ಎಲ್ಲ ಭಾಗಕ್ಕೂ 165 ಆಗಲೇಬೇಕು ಎನ್ನುತ್ತದೆ. ಎದೆ 165, ತೊಡೆ 175 ಆದಾಗ ಹೊರತೆಗೆದು, 20-30 ನಿಮಿಷ ಬಿಟ್ಟು ಕೊಯ್ಯಿರಿ.

ಇಡೀ ಹಕ್ಕಿಯೇ ಮೇಜಿಗೆ ಬರಬೇಕೆಂದರೆ 325 ಡಿಗ್ರಿಯಲ್ಲಿ 12-14 ಪೌಂಡಿಗೆ ಮೂರರಿಂದ ಮೂರೂಮುಕ್ಕಾಲು ಗಂಟೆ. ಎದೆ ಕೆಂಪಾದ ಮೇಲೆ ಫಾಯಿಲ್ ಮುಚ್ಚಿ. ಹೊಟ್ಟೆಯೊಳಗೆ ತುಂಬುವ ಬ್ರೆಡ್ಡಿನ ಮಿಶ್ರಣ, ಅಂದರೆ ಸ್ಟಫಿಂಗ್, ಬೇರೆ ಪಾತ್ರೆಯಲ್ಲೇ ಆಗಲಿ. ಒಳಗೆ ತುಂಬಿದರೆ ಅದೂ 165 ಮುಟ್ಟುವಷ್ಟರಲ್ಲಿ ಎದೆ ಒಣಗಿರುತ್ತದೆ.

ಕರಿದದ್ದು ರುಚಿ, ಬೇಗವೂ ಆಗುತ್ತದೆ: 350 ಡಿಗ್ರಿ ಕಡಲೆಕಾಯಿ ಎಣ್ಣೆಯಲ್ಲಿ ಪೌಂಡಿಗೆ ಮೂರೂವರೆ ನಿಮಿಷದ ಲೆಕ್ಕ. ಆದರೆ ಒಳಗೆ ಹಿಮ ಉಳಿದಿದ್ದರೆ ಎಣ್ಣೆ ಉಕ್ಕಿ ಬರ್ನರ್ ಮೇಲೆ ಚೆಲ್ಲಿ ಬೆಂಕಿ ಹೊತ್ತುತ್ತದೆ. ಎಣ್ಣೆ ಎಷ್ಟು ಬೇಕೆಂದು ಮೊದಲೇ ನೀರು ಹಾಕಿ ಅಳೆದು, ಪಾತ್ರೆ, ಹಕ್ಕಿ ಎರಡನ್ನೂ ಚೆನ್ನಾಗಿ ಒರೆಸಿ. ಉರಿ ಆರಿಸಿ ನಿಧಾನವಾಗಿ ಇಳಿಸಿ. ಮನೆಯಿಂದ ದೂರ, ಬಯಲಲ್ಲಿ. ಗ್ಯಾರೇಜಿನಲ್ಲಿ, ಮರದ ಡೆಕ್ ಮೇಲೆ ಖಂಡಿತ ಬೇಡ.

ನೋಟಕ್ಕಿಂತ ರುಚಿ ಮುಖ್ಯವೆನ್ನುವ ಮನೆಗೆ ಭಾಗ ಮಾಡಿ ಬೇಯಿಸುವುದೇ ಸಲೀಸು. ಮೂಳೆಸಹಿತ ಎದೆಯನ್ನು 325ರಲ್ಲಿ ಸುಟ್ಟುಕೊಳ್ಳಿ. 4-6 ಪೌಂಡಿನದಕ್ಕೆ ಒಂದೂವರೆಯಿಂದ ಎರಡೂಕಾಲು ಗಂಟೆ. ತೊಡೆ, ಕಾಲುಗಳನ್ನು ಈರುಳ್ಳಿ, ಶುಂಠಿ-ಬೆಳ್ಳುಳ್ಳಿ, ಧನಿಯ, ಕಾಯಿ ಅರೆದ ಮಸಾಲೆಯಲ್ಲಿ ಸಣ್ಣ ಉರಿಯಲ್ಲಿ ಒಂದೂವರೆ-ಎರಡು ಗಂಟೆ ಬೇಯಿಸಿದರೆ ಮಾಂಸ ಮೂಳೆ ಬಿಡುತ್ತದೆ. ಟರ್ಕಿಯ ಕಾಲಿನಲ್ಲಿ ಕಡ್ಡಿಯಂಥ ಗಟ್ಟಿ ನರಗಳಿರುತ್ತವೆ. ಬೆಂದ ಮೇಲೆ ಎಳೆದರೆ ಸಲೀಸಾಗಿ ಬರುತ್ತವೆ. ಮಕ್ಕಳ ತಟ್ಟೆಗೆ ಬಡಿಸುವ ಮುಂಚೆ ತೆಗೆದುಬಿಡಿ.