ಲಿಸ್ಟೆಡ್ ಕಾಟೇಜ್ ಕೊಂಡರೆ ಒಳಗೆ ಏನೂ ಬದಲಾಯಿಸುವ ಹಾಗಿಲ್ವಾ?

ಪ್ರಶ್ನೆ: ನಾವು ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ವಿಲ್ಟ್‌ಶೈರ್‌ನ ಹಳ್ಳಿಯೊಂದರಲ್ಲಿ ಹಳೇ ಕಲ್ಲಿನ ಕಾಟೇಜ್ ಮಾರಾಟಕ್ಕಿದೆ. 17ನೇ ಶತಮಾನದ್ದಂತೆ. ಮನೆಮಂದಿಗೆಲ್ಲ ತುಂಬಾ ಹಿಡಿಸಿದೆ. ಆದರೆ ಜಾಹೀರಾತಿನಲ್ಲಿ ‘ಗ್ರೇಡ್ 2 ಲಿಸ್ಟೆಡ್’ ಎಂದಿದೆ. ಅಂಥ ಮನೆಯಲ್ಲಿ ಒಂದು ಮೊಳೆ ಹೊಡೆಯೋಕೂ ಪರ್ಮಿಷನ್ ಬೇಕು ಅಂತ ಗೆಳೆಯರು ಹೆದರಿಸುತ್ತಿದ್ದಾರೆ. ಅಡುಗೆಮನೆಯನ್ನಾದರೂ ನಮಗೆ ಬೇಕಾದ ಹಾಗೆ ಮಾಡಿಕೊಳ್ಳಬಹುದಾ?

ಉತ್ತರ: ಫೋಟೋ ತೂಗುಹಾಕಲು ಮೊಳೆ ಹೊಡೆದರೆ ಯಾರೂ ಕೇಳುವುದಿಲ್ಲ. ಅಡುಗೆಮನೆಯನ್ನೂ ಬಹಳಷ್ಟು ಮಟ್ಟಿಗೆ ಬದಲಾಯಿಸಬಹುದು. ಆದರೆ ನೀವು ಹೆದರಬೇಕಾದ ಒಂದು ವಿಷಯ ಖಂಡಿತ ಇದೆ. ಅದು ನಿಮ್ಮ ಗೆಳೆಯರು ಹೇಳಿದ್ದಲ್ಲ. ನೀವು ಮುಂದೆ ಮಾಡಬೇಕೆಂದಿರುವ ಕೆಲಸಕ್ಕಿಂತ, ಹಿಂದಿನ ಮಾಲೀಕರು ಕೇಳದೆ ಮಾಡಿಹೋದ ಕೆಲಸವೇ ಹೆಚ್ಚು ತೊಂದರೆ ಕೊಡುತ್ತದೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಇಂಗ್ಲೆಂಡಿನಲ್ಲಿ ಕಾಪಾಡಬೇಕಾದ ಹಳೆಯ ಕಟ್ಟಡಗಳನ್ನು ಗ್ರೇಡ್ 1, ಗ್ರೇಡ್ 2 ಸ್ಟಾರ್, ಗ್ರೇಡ್ 2 ಎಂದು ಮೂರು ದರ್ಜೆಯಲ್ಲಿ ಪಟ್ಟಿ ಮಾಡಿದ್ದಾರೆ. ‘ಲಿಸ್ಟೆಡ್’ ಎಂದರೆ ಈ ಪಟ್ಟಿಯಲ್ಲಿದೆ ಎಂದರ್ಥ. ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಕಟ್ಟಡಗಳು ಗ್ರೇಡ್ 2. 1700ಕ್ಕೆ ಮುಂಚಿನ ಮನೆ ಹೆಚ್ಚುಕಡಿಮೆ ಮೊದಲಿದ್ದ ಹಾಗೇ ಉಳಿದಿದ್ದರೆ, ಅದು ಪಟ್ಟಿಯಲ್ಲಿ ಇರುತ್ತದೆ ಎಂದೇ ತಿಳಿಯಬಹುದು. ಸದ್ಯಕ್ಕೆ ನಡೆಯುತ್ತಿರುವುದು 1990ರ ಕಾನೂನು. ಅದರ ಪ್ರಕಾರ, ಕಟ್ಟಡದ ವಿಶೇಷ ಸ್ವರೂಪಕ್ಕೆ ಧಕ್ಕೆ ತರುವಂಥ ಯಾವುದೇ ಬದಲಾವಣೆಗೆ ಸ್ಥಳೀಯ ಕೌನ್ಸಿಲ್‌ನಿಂದ ಮೊದಲೇ ಒಪ್ಪಿಗೆ ಪಡೆಯಬೇಕು. ಗ್ರೇಡ್ 2 ಆದರೂ ಇದರಲ್ಲಿ ರಿಯಾಯಿತಿ ಇಲ್ಲ.

ರಸ್ತೆಗೆ ಕಾಣುವ ಗೋಡೆಗೆ ಮಾತ್ರ ಈ ನಿಯಮ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಒಳಗಿನ ಮೆಟ್ಟಿಲು, ಬಾಗಿಲು, ತೊಲೆ, ನೆಲದ ಕಲ್ಲು, ಗೋಡೆಯ ಹಳೇ ಗಾರೆ, ಎಲ್ಲವೂ ಸೇರುತ್ತವೆ. ಮನೆಯ ಆವರಣದಲ್ಲಿ 1948ರ ಜುಲೈ 1ಕ್ಕೆ ಮುಂಚಿನಿಂದ ಇರುವ ಕೊಟ್ಟಿಗೆ, ಕಾಂಪೌಂಡ್ ಗೋಡೆಗಳೂ ಸಾಮಾನ್ಯವಾಗಿ ಸೇರುತ್ತವೆ. ಪಟ್ಟಿಯಲ್ಲಿರುವ ವಿವರಣೆಯಲ್ಲಿ ಒಂದು ವಸ್ತುವಿನ ಹೆಸರಿಲ್ಲ ಅಂದ ಮಾತ್ರಕ್ಕೆ ಅದನ್ನು ಕಿತ್ತುಹಾಕಬಹುದು ಅಂತಲ್ಲ. ಹಳೆಯ ವಿವರಣೆಗಳು ಮನೆಯನ್ನು ಗುರುತಿಸಲು ಬರೆದ ನಾಲ್ಕು ಸಾಲು, ಅಷ್ಟೇ.

ಈಗ ನಿಮ್ಮ ಅಡುಗೆಮನೆ. ಇತ್ತೀಚಿನ ದಶಕಗಳಲ್ಲಿ ಕೂರಿಸಿದ ಕಪಾಟುಗಳನ್ನು ತೆಗೆದು ಹೊಸದನ್ನು ಹಾಕಲು ಸಾಮಾನ್ಯವಾಗಿ ಯಾರ ಒಪ್ಪಿಗೆಯೂ ಬೇಡ. ಆದರೆ ನಮ್ಮ ಅಡುಗೆಗೆ ಒಗ್ಗರಣೆ ಹೊಗೆ ಹೊರಗೆ ಹೋಗಲೇಬೇಕು, ಅಲ್ವಾ? ಅದಕ್ಕಾಗಿ ಹಳೆಯ ಕಲ್ಲುಗೋಡೆಯಲ್ಲಿ ತೂತು ಕೊರೆದು ಪೈಪ್ ಹಾಕುವುದಾದರೆ ಕೇಳಬೇಕು. ಅಡುಗೆಮನೆ, ಹಾಲ್ ಒಂದೇ ಮಾಡಲು ನಡುಗೋಡೆ ಒಡೆಯುವುದಾದರೂ ಕೇಳಬೇಕು. ಹಳೇ ಮರದ ಕಿಟಕಿ ತೆಗೆದು ಡಬಲ್ ಗ್ಲೇಜಿಂಗ್ ಹಾಕುತ್ತೇವೆ ಎಂದರೆ ಕೌನ್ಸಿಲ್ ಒಪ್ಪುವುದು ಕಷ್ಟ. ಅದರ ಬದಲು ಇರುವ ಕಿಟಕಿಯ ಒಳಬದಿಗೆ ಇನ್ನೊಂದು ಗಾಜಿನ ಚೌಕಟ್ಟು ಕೂರಿಸುವುದಕ್ಕೆ ಅಷ್ಟು ತಕರಾರು ಬರುವುದಿಲ್ಲ. ಚಳಿಗೂ ಅದು ಚೆನ್ನಾಗಿ ತಡೆ ಕೊಡುತ್ತದೆ. ಇದ್ದದ್ದನ್ನು ಇದ್ದ ಹಾಗೇ, ಅದೇ ಸಾಮಾನು ಬಳಸಿ ರಿಪೇರಿ ಮಾಡಿದರೆ ಹೆಚ್ಚಿನ ಸಲ ಅರ್ಜಿಯೇ ಬೇಡ.

ಒಪ್ಪಿಗೆಯ ಅರ್ಜಿಗೆ ಶುಲ್ಕ ಇಲ್ಲ. ಎಂಟು ವಾರದಲ್ಲಿ ತೀರ್ಮಾನ ಮಾಡಬೇಕು ಎಂಬ ಗಡುವು ಇದೆ. ನಕ್ಷೆ, ವಿವರ ಬರೆಸಲು ಆರ್ಕಿಟೆಕ್ಟ್‌ಗೆ ಕೊಡುವ ಹಣವೇ ಅರ್ಜಿಯ ಖರ್ಚು. ಕೆಲಸದ ಬಿಲ್ ಮಾತ್ರ ದೊಡ್ಡದೇ. ಒಪ್ಪಿಗೆ ಪಡೆದ ಬದಲಾವಣೆಗಳಿಗೆ ಮೊದಲು ವ್ಯಾಟ್ ಇರಲಿಲ್ಲ. 2012ರ ಅಕ್ಟೋಬರ್‌ನಲ್ಲಿ ಆ ಸೌಲಭ್ಯ ಹೋಯಿತು. ಈಗ ಸಾಮಾನ್ಯವಾಗಿ 20 ಪರ್ಸೆಂಟ್ ಕಟ್ಟಬೇಕು.

ಇನ್ನು ನಾನು ಮೊದಲೇ ಹೇಳಿದ ಭಯದ ವಿಷಯ. ಒಪ್ಪಿಗೆ ಇಲ್ಲದೆ ಕೆಲಸ ಮಾಡುವುದು ಇಲ್ಲಿ ಬರೀ ದಂಡದ ಮಾತಲ್ಲ, ಕ್ರಿಮಿನಲ್ ಅಪರಾಧ. ಎರಡು ವರ್ಷದವರೆಗೆ ಜೈಲು ಆಗಬಹುದು. ಹಿಂದಿನವರು ಮಾಡಿದ್ದಕ್ಕೆ ನಿಮ್ಮನ್ನು ಜೈಲಿಗೆ ಕಳಿಸುವುದಿಲ್ಲ, ಅದು ಸರಿ. ಆದರೆ ‘ಇದನ್ನು ಮೊದಲಿನ ಹಾಗೆ ಮಾಡಿ’ ಎಂಬ ನೋಟಿಸ್ ಈಗಿನ ಮಾಲೀಕರಿಗೇ ಬರುತ್ತದೆ. ಇದಕ್ಕೆ ಕಾಲಮಿತಿ ಇಲ್ಲ. ಇಪ್ಪತ್ತು ವರ್ಷದ ಹಿಂದೆ ಯಾರೋ ಹಳೇ ಕಿಟಕಿ ಕಿತ್ತು ಪ್ಲಾಸ್ಟಿಕ್ ಕಿಟಕಿ ಹಾಕಿದ್ದರೆ, ಅದನ್ನು ಸರಿಮಾಡುವ ಖರ್ಚು ನಿಮ್ಮ ತಲೆಗೆ.

ಆದ್ದರಿಂದ ಹೀಗೆ ಮಾಡಿ. ಈ ಪಟ್ಟಿಯನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್‌ನ ವೆಬ್‌ಸೈಟ್‌ನಲ್ಲಿ ಪಟ್ಟಿ ಇದೆ, ಯಾರು ಬೇಕಾದರೂ ನೋಡಬಹುದು. ಈ ಮನೆ ಯಾವ ತಾರೀಕಿಗೆ ಪಟ್ಟಿಗೆ ಸೇರಿತು ಎಂದು ನೋಡಿಕೊಳ್ಳಿ. ಅದಕ್ಕೆ ಮುಂಚೆ ಆದ ಬದಲಾವಣೆಗೆ ಲಿಸ್ಟೆಡ್ ಒಪ್ಪಿಗೆಯ ಪ್ರಶ್ನೆಯೇ ಬರುವುದಿಲ್ಲ. ಆಮೇಲೆ ಕೌನ್ಸಿಲ್‌ನ ಪ್ಲಾನಿಂಗ್ ದಾಖಲೆ ತೆಗೆದು, ಒಪ್ಪಿಗೆ ಸಿಕ್ಕ ಕೆಲಸಗಳನ್ನು ಮನೆಯಲ್ಲಿ ಕಣ್ಣಿಗೆ ಕಾಣುವ ಕೆಲಸಗಳ ಜೊತೆ ತಾಳೆ ನೋಡಿ. ಹಿಂದೆ ಕಟ್ಟಿದ ಕೋಣೆ, ಮಾಳಿಗೆಯ ಬೆಡ್‌ರೂಮ್, ಛಾವಣಿಯ ಕಿಟಕಿ, ಒಡೆದ ನಡುಗೋಡೆ, ಇವುಗಳ ಕಾಗದ ಎಲ್ಲಿ ಎಂದು ಮನೆ ಖರೀದಿಯ ಕಾಗದಪತ್ರ ನೋಡುವ ನಿಮ್ಮ ವಕೀಲರ (ಸಾಲಿಸಿಟರ್) ಮೂಲಕ ಬರವಣಿಗೆಯಲ್ಲಿ ಕೇಳಿಸಿ. ‘ಇನ್ಶೂರೆನ್ಸ್ ಪಾಲಿಸಿ ಮಾಡಿಸಿಕೊಡ್ತೀವಿ, ಬಿಡಿ’ ಎಂಬ ಮಾತು ಮಾರುವವರಿಂದ ಬರಬಹುದು. ಪಾಲಿಸಿ ನಿಮ್ಮ ನಷ್ಟಕ್ಕೆ ಒಂದಿಷ್ಟು ದುಡ್ಡು ಕೊಟ್ಟೀತು, ಒಪ್ಪಿಗೆ ಇಲ್ಲದ ಕೆಲಸವನ್ನು ಸಕ್ರಮ ಮಾಡುವುದಿಲ್ಲ. ಅದೊಂದನ್ನೇ ನಂಬಿ ಸಹಿ ಹಾಕಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಾಗದದಷ್ಟೇ ಮುಖ್ಯವಾದದ್ದು ಗೋಡೆ. ಈ ಮನೆಗಳನ್ನು ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ನಮ್ಮ ಊರುಗಳ ಹಳೇ ಮನೆಗಳಲ್ಲೂ ಅದೇ ಅಲ್ವಾ? ಸುಣ್ಣದ ಗೋಡೆ ಮಳೆಗೆ ನೀರು ಹೀರುತ್ತದೆ, ಗಾಳಿಗೆ ಒಣಗುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ಒಳಗೆ ಸೇರಿದ ನೀರು ಹೊರಬರಲು ದಾರಿ ಇಲ್ಲ. ಗೋಡೆ ತೇವ ಹಿಡಿಯುತ್ತದೆ, ತೊಲೆಯ ತುದಿ ಕೊಳೆಯುತ್ತದೆ, ಮೆತ್ತನೆಯ ಕಲ್ಲು ಪದರಪದರವಾಗಿ ಉದುರುತ್ತದೆ. 20ನೇ ಶತಮಾನದಲ್ಲಿ ಒಳ್ಳೆಯದಾಗಲಿ ಎಂದೇ ಎಷ್ಟೋ ಕಾಟೇಜ್‌ಗಳಿಗೆ ಸಿಮೆಂಟ್ ಮೆತ್ತಿದ್ದಾರೆ. ನೋಡಿದರೆ ಸಂಕಟವಾಗುತ್ತದೆ. ತೇವ ಕಂಡ ತಕ್ಷಣ ಗೋಡೆಗೆ ರಾಸಾಯನಿಕ ಚುಚ್ಚಿಸಿ ಎನ್ನುವವರ ಮಾತು ಕೇಳಬೇಡಿ. ಮೊದಲು ಮಳೆನೀರಿನ ದೋಣಿ ಒಡೆದಿದೆಯೇ, ಹೊರಗಿನ ಮಣ್ಣಿನ ಮಟ್ಟ ಮೇಲೆ ಬಂದಿದೆಯೇ, ಸಿಮೆಂಟ್ ಇದೆಯೇ ನೋಡಿಸಿ. ವಿಲಿಯಂ ಮಾರಿಸ್ ಮತ್ತವರ ಗೆಳೆಯರು 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆಂದು ಕಟ್ಟಿದ ಸಂಘ ಇಂದಿಗೂ ಇದೆ. ಎಸ್‌ಪಿಎಬಿ ಎಂದು ಅದರ ಚಿಕ್ಕ ಹೆಸರು. ಇಂಥ ವಿಷಯದಲ್ಲಿ ಅವರ ಸಲಹೆ ತುಂಬಾ ಕೆಲಸಕ್ಕೆ ಬರುತ್ತದೆ.

ಬ್ಯಾಂಕ್ ಮಾಡಿಸುವ ಮೌಲ್ಯಮಾಪನವನ್ನೇ ಸರ್ವೇ ಎಂದುಕೊಳ್ಳಬೇಡಿ. ಅದು ಬ್ಯಾಂಕ್ ತನ್ನ ಸಾಲದ ಭದ್ರತೆಗೆ ಮಾಡಿಸುವುದು. ನೀವು ಮನೆಯನ್ನು ಅತ್ಯಂತ ವಿವರವಾಗಿ ಪರೀಕ್ಷಿಸುವ ಆರ್‌ಐಸಿಎಸ್ (ಸರ್ವೇಯರ್‌ಗಳ ವೃತ್ತಿಸಂಸ್ಥೆ) ಲೆವೆಲ್ 3 ಸರ್ವೇಯನ್ನೇ ಮಾಡಿಸಿ, ಅದೂ ಸುಣ್ಣದ ಗೋಡೆ ಗೊತ್ತಿರುವ ಸರ್ವೇಯರ್ ಕೈಲಿ. ಹಳ್ಳಿಯಲ್ಲಿ ಗ್ಯಾಸ್ ಲೈನ್ ಇಲ್ಲದಿದ್ದರೆ ಮನೆ ಬೆಚ್ಚಗಿಡಲು ಎಣ್ಣೆಯ ಟ್ಯಾಂಕ್ ಇರುತ್ತದೆ, ಅದರ ಸ್ಥಿತಿ ಕೇಳಿ. ಸೆಪ್ಟಿಕ್ ಟ್ಯಾಂಕ್ ಇದ್ದರೆ ಅದರ ನೀರು ನೇರವಾಗಿ ಹಳ್ಳಕ್ಕೆ ಹೋಗುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಿ. 2020ರಿಂದ ಅದಕ್ಕೆ ಅವಕಾಶ ಇಲ್ಲ.

ಇಂಗ್ಲೆಂಡಿನಲ್ಲಿ ಕಾಂಟ್ರ್ಯಾಕ್ಟ್ ಎಕ್ಸ್‌ಚೇಂಜ್ (ಸಹಿಯಾದ ಕರಾರು ಪತ್ರಗಳ ವಿನಿಮಯ) ಆಗುವವರೆಗೆ ನೀವೂ ಹಿಂದೆ ಸರಿಯಬಹುದು, ಮಾರುವವರೂ ಸರಿಯಬಹುದು. ಬೇಗ ಮಾಡಿ ಎಂದು ಎಸ್ಟೇಟ್ ಏಜೆಂಟ್ ಅವಸರ ಮಾಡುತ್ತಾರೆ. ಮಾಡಲಿ. ಒಪ್ಪಿಗೆ ಪತ್ರಗಳು ಮತ್ತು ಲೆವೆಲ್ 3 ವರದಿ, ಎರಡೂ ಕೈಗೆ ಬಂದು ನೀವು ಓದಿ ಮುಗಿಸುವ ತನಕ ಎಕ್ಸ್‌ಚೇಂಜ್ ಬೇಡ ಎಂದು ನಿಮ್ಮ ಸಾಲಿಸಿಟರ್‌ಗೆ ಇವತ್ತೇ ಹೇಳಿ.